ತಂಗಳು ಸ್ಪಗೆಟ್ಟಿ, ಮೂರು ಮೊಟ್ಟೆ, ಒಂದು ಕಾವಲಿ

ಬರೆಯದೆ ತುಂಬಾ ದಿನ ಆಯ್ತು. ಕೆಲಸ ಜಾಸ್ತಿ ಅನ್ನೋದು ಹಳೇ ನೆಪ, ಬಿಡಿ. ಇವತ್ತು ಅಡುಗೆ ವಿಷಯ. ಚೆನ್ನಾಗಿ ಅಡುಗೆ ಬರೋರು ದಯವಿಟ್ಟು ನಗಬಾರದು :-)

ಮ್ಯೂನಿಕ್‌ಗೆ ಬಂದು ಒಂಬತ್ತು ತಿಂಗಳಾಯ್ತು. ಇಲ್ಲಿ ಶನಿವಾರ ರಾತ್ರಿ 8ಕ್ಕೆ ಅಂಗಡಿ ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋದು ಸೋಮವಾರವೇ. ದೊಡ್ಡ ರೈಲ್ವೆ ಸ್ಟೇಷನ್ನಿನ ಒಂದೆರಡು ಅಂಗಡಿ ಬಿಟ್ರೆ ಭಾನುವಾರ ಒಂದು ಈರುಳ್ಳಿ ಬೇಕಂದ್ರೂ ಇಲ್ಲ. ಇಷ್ಟು ದಿನ ಆದ್ರೂ ನನಗೆ ಶನಿವಾರ ಅದು ನೆನಪಾಗಲ್ಲ.

ಕಳೆದ ಭಾನುವಾರವೂ ಅದೇ ಕಥೆ. ಫ್ರಿಜ್ಜು ತೆಗೆದ್ರೆ ಹಿಂದಿನ ರಾತ್ರಿಯ ಸ್ಪಗೆಟ್ಟಿ ಒಂದು ಡಬ್ಬಿ, ಅರ್ಧ ಜುಕಿನಿ, ಒಂದು ಹಿಡಿ ಪಾಲಕ್, ಮೂರು ಮೊಟ್ಟೆ. ಒಬ್ಬನಿಗೆ 100 ಗ್ರಾಂ ಒಣ ಪಾಸ್ತಾ ಸಾಕಂತೆ. ನಾನು ಅರ್ಧ ಪ್ಯಾಕೆಟ್ ಸುರಿದುಬಿಡ್ತೀನಿ, ಅಂದ್ರೆ 250. ಉಳಿದಿದ್ದು ಎರಡು ದಿನ ಫ್ರಿಜ್ಜಲ್ಲಿದ್ದು ಆಮೇಲೆ ಕೆಳಗಿರೋ ಕಂದು ಬಣ್ಣದ ಕಸದ ಡಬ್ಬಕ್ಕೆ. ಅಲ್ಲಿ ಚೆಲ್ಲುವಾಗ ಪ್ರತಿ ಸಲ ಒಮ್ಮೆ ಹಿಂದೆ ತಿರುಗಿ ನೋಡ್ತಿದ್ದೆ. ಅಮ್ಮ ಏನು ಮ್ಯೂನಿಕ್‌ನಲ್ಲಿ ನಿಂತಿರ್ತಾಳಾ? ಆದ್ರೂ.

ನಮ್ಮ ತೀರ್ಥಹಳ್ಳಿ ಮನೇಲಿ ತಂಗಳು ಅಂತ ಎಸೆಯೋ ಪದ್ಧತಿಯೇ ಇಲ್ಲ. ಉಳಿದ ಇಡ್ಲಿ ಸಂಜೆ ಉಪ್ಪಿಟ್ಟಾಗುತ್ತೆ. ಉಳಿದ ಅನ್ನ ಕಿವುಚಿ, ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸು ಸೇರಿಸಿದ್ರೆ ರೊಟ್ಟಿ. ಹಾಗಾಗಿ ಆಫೀಸಿನ ನೇಪಲ್ಸ್ ಹುಡುಗ ಒಂದು ದಿನ ತಣ್ಣಗಿರೋ ಹಳದಿ ತುಂಡೊಂದು ಕೊಟ್ಟು, 'ಇದು ನಿನ್ನೆಯ ಪಾಸ್ತಾ' ಅಂದಾಗ ನನಗೇನೂ ವಿಚಿತ್ರ ಅನ್ನಿಸ್ಲಿಲ್ಲ. ಅದರ ಹೆಸರು ಫ್ರಿಟ್ಟಾಟಾ. ಅವರೂರಲ್ಲಿ ಉಳಿದ ಪಾಸ್ತಾಕ್ಕೆ ಮೊಟ್ಟೆ ಸೇರಿಸಿ ದಪ್ಪಗೆ ಕರಿದು, ಸಮುದ್ರತೀರಕ್ಕೆ, ಈಸ್ಟರ್ ಮರುದಿನದ ಸೋಮವಾರದ ಪಿಕ್‌ನಿಕ್ಕಿಗೆ ಕಟ್ಕೊಂಡು ಹೋಗ್ತಾರೆ. ನಮ್ಮ ಬುತ್ತಿ ತರಹ. ತಂಗಳನ್ನು ಹಿಡಿದಿಡೋಕೆ ನಾವು ಅಕ್ಕಿಹಿಟ್ಟು ಹಾಕ್ತೀವಿ, ಅವರು ಮೊಟ್ಟೆ ಹಾಕ್ತಾರೆ, ಅಷ್ಟೇ.

ಅವನದ್ದರಲ್ಲಿ ಚೀಸು ಜಾಸ್ತಿ, ಭಾರ. ನಾನು ತರಕಾರಿ ಜಾಸ್ತಿ ಮಾಡ್ದೆ. ಜುಕಿನಿ ತುರಿದು ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿದೆ. ಸೌತೆಕಾಯಿ ಹಾಗೇ, ಎಷ್ಟು ನೀರು ಬಿಡುತ್ತೆ ಅಂತೀರಿ! ಆ ನೀರು ಉಳಿದ್ರೆ ಮೊಟ್ಟೆ ಗಟ್ಟಿಯಾಗದೆ ಕೆಸರಾಗುತ್ತೆ. ಪಾಲಕ್ ಒಂದು ನಿಮಿಷ ಬಾಡಿಸಿದೆ. ಮೂರು ಮೊಟ್ಟೆ, ಎರಡು ಚಮಚ ಹಾಲು, ಮೆಣಸಿನಪುಡಿ ಕಲಸಿ, ಸ್ಪಗೆಟ್ಟಿ ಸ್ವಲ್ಪ ಕತ್ತರಿಸಿ ಹಾಕಿದೆ. ತಣ್ಣಗಾಗಿ ಗಟ್ಟಿಯಾದ ಪಾಸ್ತಾನೇ ಇದಕ್ಕೆ ಒಳ್ಳೇದು, ಮುದ್ದೆಯಾಗಲ್ಲ. ಸಣ್ಣ ಉರಿ, ಮೇಲೆ ಮುಚ್ಚಳ, ಎಂಟು ನಿಮಿಷ. ಉರಿ ಅಂದೆ, ಇಲ್ಲಿರೋದು ಕರೆಂಟಿನ ಗಾಜಿನ ಒಲೆ. ಆರಿಸಿದ ಮೇಲೂ ಬಿಸಿ ಆರಲ್ಲ, ಅದಕ್ಕೆ ತಳ ಸ್ವಲ್ಪ ಕರಕಲು.

ತಿರುವಿ ಹಾಕೋದೇ ಕಷ್ಟ. ಬಾಣಲೆ ಮೇಲೆ ತಟ್ಟೆ ಕವಿದು, ಎರಡನ್ನೂ ಒಟ್ಟಿಗೆ ಹಿಡಿದು ಬೋರಲು ಹಾಕಿ, ತಟ್ಟೆಯಿಂದ ಮತ್ತೆ ಬಾಣಲೆಗೆ ಜಾರಿಸಬೇಕು. ಕಾಲು ಭಾಗ ಒಲೆ ಮೇಲೆ ಬಿತ್ತು. ಅದನ್ನೂ ತಿಂದೆ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಕಂದು ಡಬ್ಬಕ್ಕೆ ಏನೂ ಹೋಗ್ಲಿಲ್ಲ.

ಆ ಖುಷಿಯಲ್ಲೇ ಎಡವಟ್ಟಾಗಿದ್ದು. ಸಂಜೆ ಅಮ್ಮನ ಫೋನು. "ಊಟ ಆಯ್ತಾ, ಏನ್ ಮಾಡ್ಕೊಂಡಿದ್ದೆ?" ಪ್ರತಿ ವಾರ ನನ್ನ ಉತ್ತರ 'ಅನ್ನ ಸಾರು'. ಅವತ್ತು ಎಲ್ಲಾ ವಿವರಿಸಿಬಿಟ್ಟೆ, ತಂಗಳು ಎಸೀಲಿಲ್ಲ ಅಂತ ಹೆಮ್ಮೆಯಿಂದ. 'ಮೊಟ್ಟೆ' ಅಂದಮೇಲೆ ಗೊತ್ತಾಯ್ತು ಏನು ಹೇಳ್ದೆ ಅಂತ. ನಮ್ಮನೇಲಿ ಮೊಟ್ಟೆ ಒಳಗೆ ಬರಲ್ಲ. ನಾನು ಹಾಸ್ಟೆಲ್ಲಿನಿಂದಲೇ ತಿನ್ನೋದು ಮನೇಲಿ ಯಾರಿಗೂ ಹೇಳಿರಲಿಲ್ಲ.

ಲೈನ್ ಕಟ್ಟಾಯ್ತು ಅಂದ್ಕೊಂಡೆ.

"ಬಾಣಲೆ ಬೇರೆ ಇಟ್ಕೊಂಡಿದೀಯಾ?"

"ಇರೋದೇ ಒಂದಮ್ಮ."

ಮೇ ತಿಂಗಳಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬರೋರಿದ್ದಾರೆ. ಟಿಕೆಟ್ ಆಗಿದೆ. "ಅಪ್ಪಂಗೆ ನಾನು ಹೇಳಲ್ಲ, ನೀನೂ ಹೇಳ್ಬೇಡ" ಅಂದು ಇಟ್ಟುಬಿಟ್ರು. ಕೋಪವಾ ಬೇಜಾರಾ ತಿಳೀಲಿಲ್ಲ. ರಾತ್ರಿ ಆ ಬಾಣಲೆಯನ್ನ ಮೂರು ಸಲ ತಿಕ್ಕಿದೆ, ಯಾಕೆ ಅಂತ ಕೇಳ್ಬೇಡಿ.

ಸೋಮವಾರ ಉಳಿದ ತುಂಡು ನೇಪಲ್ಸಿನವನಿಗೆ ಕೊಟ್ಟೆ. ಇದು ಫ್ರಿಟ್ಟಾಟಾ ಅಲ್ಲ, ಸಲಾಡ್ ಅಂದ. ಪೂರ್ತಿ ತಿಂದ.

ನಿನ್ನೆ ಅಮ್ಮ ಮತ್ತೆ ಫೋನ್ ಮಾಡಿದ್ರು. ಊಟದ ವಿಷಯ ಕೇಳ್ಲಿಲ್ಲ. ನಿನ್ನ ಒಲೆ ಎಷ್ಟು ಅಗಲ ಇದೆ, ಮನೆಯ ಸಣ್ಣ ಕಬ್ಬಿಣದ ಕಾವಲಿ ತರ್ತೀನಿ ಅಂದ್ರು. ಸ್ಕೇಲ್ ಹಿಡಿದು ಅಳೆದು ಹೇಳ್ದೆ, 18 ಸೆಂಟಿಮೀಟರ್. ಗಾಜಿನ ಒಲೆ ಮೇಲೆ ಕಬ್ಬಿಣದ ಕಾವಲಿ ಎಳೆದ್ರೆ ಗೀರು ಬೀಳುತ್ತೆ ಅನ್ನೋದನ್ನ ಮಾತ್ರ ಹೇಳ್ಲಿಲ್ಲ.