ಕೊರಿಂತ್ ಕಾಲುವೆಯ ಬಾಗಿಲಲ್ಲಿ

ಗ್ರೀಸ್ ದೇಶದ ಭೂಪಟವನ್ನು ನೋಡಿದವರಿಗೆ ದಕ್ಷಿಣದ ಪೆಲೊಪೊನೀಸ್ ಪ್ರದೇಶವು ತೆಳುವಾದ ಮಣಿಕಟ್ಟಿನಿಂದ ಇಳಿಬಿದ್ದ ಹಸ್ತದಂತೆ ತೋರುತ್ತದೆ. ಆ ಮಣಿಕಟ್ಟಿನಂಥ ಭೂಸಂಧಿಯನ್ನು ಸೀಳಿಕೊಂಡು ಹೋಗಿರುವುದೇ ಕೊರಿಂತ್ ಕಾಲುವೆ. ಇದರ ಉದ್ದ 6 ಕಿಲೋಮೀಟರಿಗೆ ತುಸು ಹೆಚ್ಚು. ತಳದ ಅಗಲ ಕೇವಲ 21 ಮೀಟರ್. ಎರಡು ಕಡೆಗಳಲ್ಲಿಯೂ ನೆಟ್ಟಗೆ ಕಡಿದ ಗೋಡೆಗಳು ನಡುಭಾಗದಲ್ಲಿ ಸುಮಾರು 80 ಮೀಟರ್ ಎತ್ತರಕ್ಕೆ ಏರಿವೆ. ಕೆಳಗೆ ಸಾಗುವ ದೋಣಿಯಿಂದ ತಲೆಯೆತ್ತಿ ನೋಡಿದರೆ ಆಕಾಶವೂ ಒಂದು ನೀಲಿಯ ಪಟ್ಟಿ ಮಾತ್ರ.

ಇಷ್ಟು ಚಿಕ್ಕ ದಾರಿಗಾಗಿ ಮನುಷ್ಯನು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಹಂಬಲಿಸಿದನು. ಪ್ರಾಚೀನ ಗ್ರೀಕರು ಕಲ್ಲುಹಾಸಿನ ದಾರಿಯೊಂದನ್ನು ಮಾಡಿ ಹಡಗುಗಳನ್ನು ನೆಲದ ಮೇಲೆಯೇ ಎಳೆದೊಯ್ದರು. ಕ್ರಿ.ಶ. 67ರಲ್ಲಿ ರೋಮ್ ಚಕ್ರವರ್ತಿ ನೀರೋ ಕಾಲುವೆ ತೋಡುವ ಕೆಲಸವನ್ನು ಆರಂಭಿಸಿದನು. ಮರುವರ್ಷ ಅವನು ಸತ್ತನು, ಕೆಲಸವೂ ನಿಂತಿತು. ಕೊನೆಗೆ 1882ರಲ್ಲಿ ಮತ್ತೆ ತೊಡಗಿದ ಅಗೆತ 1893ರಲ್ಲಿ ಮುಗಿಯಿತು. ಈ ದಾರಿಯಿಲ್ಲದಿದ್ದರೆ ಪೆಲೊಪೊನೀಸನ್ನು ಬಳಸಿ ಸುಮಾರು 700 ಕಿಲೋಮೀಟರ್ ಸುತ್ತಬೇಕು. ಆ ಬಳಸುದಾರಿಯ ಮಲೇಯಾ ಭೂಶಿರದ ಬಳಿಯಲ್ಲಿಯೇ ಹೋಮರನ ಕಾವ್ಯದ ಒಡಿಸ್ಯೂಸನು ಗಾಳಿಗೆ ಸಿಕ್ಕಿ ದಾರಿತಪ್ಪಿದ್ದು.

ಪೂರ್ವದ ಬಾಗಿಲಿನ ಹೆಸರು ಇಸ್ತ್ಮಿಯಾ. ಏಜಿಯನ್ ಸಮುದ್ರದ ಕಡೆಯಿಂದ ಬರುವ ಹಾಯಿದೋಣಿಗಳು ಇಲ್ಲಿನ ಕಟ್ಟೆಯಲ್ಲಿ ಹಗ್ಗ ಬಿಗಿದು, ಸುಂಕ ತೆತ್ತು, ತಮ್ಮ ಸರದಿಗಾಗಿ ಕಾಯುತ್ತವೆ. ಒಂದು ಸಲಕ್ಕೆ ಒಂದೇ ದಿಕ್ಕಿನ ಸಂಚಾರ. ದಡದಿಂದ ದಡಕ್ಕೆ ಹಾಕಿದ ಸೇತುವೆ ದೋಣಿಗಳಿಗೆ ದಾರಿ ಬಿಡಲು ಮೇಲೇಳುವುದಿಲ್ಲ, ನೀರಿನೊಳಗೆ ಮುಳುಗುತ್ತದೆ! ಮಕ್ಕಳಿರುವ ದೋಣಿಯಲ್ಲಿ ಈ ಸೋಜಿಗಕ್ಕೆ ಚಪ್ಪಾಳೆ ಬೀಳದೆ ಇರದು.

ಆದರೆ ಒಡೆಯನ ಗಮನ ಬೇರೆಡೆ ಇರುತ್ತದೆ. ಕಾಲುವೆಯಲ್ಲಿ ಹಾಯಿ ಬಿಚ್ಚುವಂತಿಲ್ಲ. ಸಮುದ್ರವನ್ನೆಲ್ಲ ಗಾಳಿಯ ಬಲದಿಂದ ದಾಟಿಬಂದ ದೋಣಿಯೂ ಇಲ್ಲಿ ಎಂಜಿನ್ನಿನ ಕೃಪೆಗೆ ಒಳಗಾಗಬೇಕು. ಆ ಎಂಜಿನ್ನಿನ ವೇಗವನ್ನು ಏರಿಸಿ ಇಳಿಸುವ ಥ್ರಾಟಲ್ ಹಿಡಿ ಬಿಗಿಯಾಗಿದ್ದರೆ? ತೆರೆದ ಕಡಲಿನಲ್ಲಿ ಅದೊಂದು ಕಿರುಕುಳ, ಇಲ್ಲಿ ಅಪಾಯ. ಚುಕ್ಕಾಣಿಯ ಸುತ್ತ ನೀರು ಹರಿದರೆ ಮಾತ್ರ ಅದು ಮಾತು ಕೇಳುತ್ತದೆ. ವೇಗ ಏರದಿದ್ದರೆ ಕಾಲುವೆಯ ಸೆಳೆತ ದೋಣಿಯನ್ನು ಗೋಡೆಯತ್ತ ತಳ್ಳಬಹುದು. ವೇಗ ಇಳಿಯದಿದ್ದರೆ ಮುಂದಿನ ದೋಣಿಯ ಮೇಲೇರಬೇಕಾದೀತು. ಪಕ್ಕಕ್ಕೆ ಸರಿಯಲು ಎಡೆಯಿಲ್ಲ. ಬೇರೆಡೆ ನಿಂತು ನೋಡೋಣವೆಂದರೆ ಕಟ್ಟೆಯೂ ಇಲ್ಲ.

ಆದುದರಿಂದ ಅನುಭವಿಯು ಈ ರೋಗವನ್ನು ಇಸ್ತ್ಮಿಯಾದ ಕಟ್ಟೆಯಲ್ಲಿಯೇ ಪರೀಕ್ಷಿಸುತ್ತಾನೆ. ಮೊದಲ ನಿಯಮ, ಬಲಪ್ರಯೋಗ ಕೂಡದು. ಎಳೆದಾಡಿದರೆ ಬಿಗಿಯಾದುದು ಮುರಿಯುತ್ತದೆ. ಹಿಡಿಯಿಂದ ಎಂಜಿನ್ನಿನವರೆಗೆ ಹೋಗುವುದು ಸ್ಕೂಟರಿನ ಕ್ಲಚ್ ತಂತಿಯ ದೊಡ್ಡಣ್ಣನಂಥ ಒಂದು ಉಕ್ಕಿನ ತಂತಿ. ಅದರ ಮೇಲೊಂದು ಕವಚ. ದೋಷ ಮೂರೆಡೆಗಳಲ್ಲಿ ಇರಬಹುದು: ಹಿಡಿಯಲ್ಲಿ, ತಂತಿಯಲ್ಲಿ, ಎಂಜಿನ್ನಿನ ತುದಿಯಲ್ಲಿ. ಕಳ್ಳನನ್ನು ಹಿಡಿಯಲು ಮೂವರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು.

ಎಂಜಿನ್ನನ್ನು ನಿಲ್ಲಿಸಿ, ಅದರ ತುದಿಯಲ್ಲಿ ತಂತಿಯನ್ನು ಕಳಚಬೇಕು. ಇಂಧನದ ಪಂಪಿನ ಮೇಲಿರುವ ಪುಟ್ಟ ಸನ್ನೆಯನ್ನು ಬೆರಳಿನಿಂದ ಸರಿಸಿದರೆ ಅದು ಸುಲಭವಾಗಿ ಸರಿದು, ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಬರಬೇಕು. ಬಾರದಿದ್ದರೆ ಅದರ ಕೀಲಿನಲ್ಲಿ ತುಕ್ಕು ಅಥವಾ ಜಿಡ್ಡು. ಒರೆಸಿ ತೆಳುವಾದ ಎಣ್ಣೆ ಬಿಟ್ಟರೆ ಸಾಕು. ಸನ್ನೆ ಸಲೀಸಾಗಿದ್ದರೆ ಹಿಡಿಯ ತುದಿಯಲ್ಲಿಯೂ ತಂತಿಯನ್ನು ಬಿಡಿಸಬೇಕು. ಕೆಲವು ಹಿಡಿಗಳಲ್ಲಿ, ಇಟ್ಟ ವೇಗ ಜಾರದಿರಲೆಂದು, ಬಿಗಿತ ಹೊಂದಿಸುವ ತಿರುಪು ಇರುತ್ತದೆ. ಯಾರೋ ಉತ್ಸಾಹದಿಂದ ಒಂದು ಸುತ್ತು ಹೆಚ್ಚು ತಿರುಗಿಸಿದ್ದೇ ಎಲ್ಲಕ್ಕೂ ಕಾರಣವಾಗಿದ್ದುಂಟು. ಎರಡೂ ನಿರಪರಾಧಿಗಳಾದರೆ ತಪ್ಪು ತಂತಿಯದು. ಕಿರಿದಾದ ತಿರುವು, ಸೀಳಿದ ಕವಚ, ಒಳಹೊಕ್ಕ ಉಪ್ಪುನೀರು—ಇವು ಅದರ ವೈರಿಗಳು. ಒಳಗೆ ಪ್ಲಾಸ್ಟಿಕ್ ಪದರವಿರುವ ಈಗಿನ ತಂತಿಗೆ ಎಣ್ಣೆಯ ಉಪಚಾರ ನಿಲ್ಲುವುದಿಲ್ಲ. ಅಷ್ಟೇ ಉದ್ದದ ಹೊಸ ತಂತಿಯನ್ನು ವಿಶಾಲವಾದ ತಿರುವುಗಳಲ್ಲಿ ಹಾಯಿಸುವುದೇ ಮದ್ದು. ಅದಕ್ಕಾಗಿ ಒಂದು ದಿನದ ಸರದಿ ತಪ್ಪಿದರೂ ಚಿಂತೆಯಿಲ್ಲ.

ಕಾಯುವುದನ್ನು ಕಾಲುವೆಯೇ ಕಲಿಸುತ್ತದೆ. 2021ರ ಜನವರಿಯಲ್ಲಿ ಗೋಡೆ ಕುಸಿದು ಸಂಚಾರವೇ ನಿಂತುಹೋಗಿತ್ತು. 2022ರಲ್ಲಿಯೂ 2023ರಲ್ಲಿಯೂ ಬೇಸಗೆಯ ತಿಂಗಳುಗಳಿಗೆ ಮಾತ್ರ ಬಾಗಿಲು ತೆರೆಯಿತು. ಬೆಟ್ಟವನ್ನೇ ಕಡಿದವರೂ ಅದರ ಬಿರುಕುಗಳನ್ನು ನೋಡಿಕೊಳ್ಳುತ್ತಲೇ ಇರಬೇಕಾಯಿತು.

ಸರದಿ ಬಂದಾಗ ಸೇತುವೆ ಮುಳುಗುತ್ತದೆ. ಒಡೆಯನು ಎರಡು ಬೆರಳುಗಳಿಂದ ಹಿಡಿಯನ್ನು ಮುಂದಕ್ಕೆ ಸರಿಸುತ್ತಾನೆ. ಎಂಜಿನ್ ಮೃದುವಾಗಿ ಓಗೊಡುತ್ತದೆ. ಗೋಡೆಗಳ ನೆರಳಿನಲ್ಲಿ ಮುಕ್ಕಾಲು ಗಂಟೆಯ ಪಯಣ. ಅನಂತರ ಪಶ್ಚಿಮದ ಬೆಳಕು, ಕೊರಿಂತ್ ಕೊಲ್ಲಿಯ ವಿಸ್ತಾರ. ಅಲ್ಲಿ ಹಾಯಿ ಮತ್ತೆ ಮೇಲೇರುತ್ತದೆ.