ವ್ಯಾನಿಗೊಂದು ಕಂಪ್ಯೂಟರ್

ಮನೆಗೆ ಕಂಪ್ಯೂಟರ್ ಕೊಳ್ಳುತ್ತೇವೆಂದರೆ ಸಲಹೆ ಕೊಡುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ವ್ಯಾನಿಗೆ ಬೇಕು, ಅದರಲ್ಲಿ ಗೇಮ್ ಆಡುವಂತಿರಬೇಕು, ಸಿನಿಮಾ ನೋಡುವಂತಿರಬೇಕು ಎಂದಾಗ ಕೊಳ್ಳೇಗಾಲದ ಅಂಗಡಿಯವರು ನಮ್ಮ ಮುಖವನ್ನೇ ನೋಡಿದರು. ಅಮೆರಿಕದಲ್ಲಿ ಅಡುಗೆಮನೆ, ಹಾಸಿಗೆ ಎಲ್ಲ ಇರುವ ದೊಡ್ಡ ವಾಹನಗಳಲ್ಲಿ ತಿಂಗಳುಗಟ್ಟಲೆ ತಿರುಗುವವರಿದ್ದಾರೆ. ನಮ್ಮದು ಅಂಥದ್ದಲ್ಲ, ಹಳೆಯ ಟೆಂಪೊ ಟ್ರಾವೆಲರ್. ಆರ್‌ಟಿಒ ಅನುಮತಿ ಪಡೆದು ಹಿಂದಿನ ಸೀಟುಗಳನ್ನು ತೆಗೆಸಿ, ಒಂದು ಮಂಚ, ಗಾಲಿಕುರ್ಚಿ ಏರಿಸುವ ಹಲಗೆ ಹಾಕಿಸಿದ್ದೇವೆ.

ಇದೆಲ್ಲ ತಂಗಿಯ ಮಗನಿಗಾಗಿ. ಅವನಿಗೀಗ ಹದಿನೈದು ವರ್ಷ. ಡ್ಯೂಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಕಾಯಿಲೆ. ಸ್ನಾಯುಗಳನ್ನು ಕಾಯುವ ಡಿಸ್ಟ್ರೊಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗುವುದಿಲ್ಲ. ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ, ವಾಸಿ ಮಾಡುವ ಮದ್ದಿಲ್ಲ. ಹನ್ನೊಂದನೇ ವಯಸ್ಸಿಗೆ ನಡಿಗೆ ನಿಂತಿತು. ಈಗ ತೋಳು ಎತ್ತಲಾಗದು. ಬೆರಳುಗಳಲ್ಲಿ ಮಾತ್ರ ಇನ್ನೂ ಚುರುಕಿದೆ. ಈ ಕಾಯಿಲೆಯಲ್ಲಿ ಬೆರಳು ಸೋಲುವುದು ಕೊನೆಗೆ ಎಂದು ಡಾಕ್ಟರು ಹೇಳಿದ್ದರು. ರಾತ್ರಿ ಮಲಗುವಾಗ ಉಸಿರಿಗೆ ಆಸರೆಯಾಗಿ ಬೈಪ್ಯಾಪ್ ಯಂತ್ರ ಬೇಕು.

ಮನೆಯಲ್ಲೇ ಇರು ಎಂದರೆ ಹುಡುಗ ಒಪ್ಪುವವನಲ್ಲ. ಯಳಂದೂರಿನ ದಾದಿ ಮನೆ, ಹನೂರಿನ ಚಾಚಾನ ತೋಟ, ಬಿಳಿಗಿರಿರಂಗನ ಬೆಟ್ಟ, ಹೊಗೇನಕಲ್ಲು, ಎಲ್ಲಿಗಾದರೂ ಸರಿ, ಹೊರಡಬೇಕು. ದಾರಿ ಅವನಿಗೆ ದೀರ್ಘ. ಬೆನ್ನು ನೋಯುತ್ತದೆ, ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. "ಮಾಮೂ, ಕಿಟಕಿಯಿಂದ ನನಗೆ ಕಾಣುವುದು ಆಕಾಶ ಒಂದೇ" ಎಂದ ಮೇಲೆ ನಾವು ಅಣ್ಣತಮ್ಮಂದಿರು ಕಂಪ್ಯೂಟರಿನ ಲೆಕ್ಕಕ್ಕೆ ಕೂತೆವು.

ಮೊಬೈಲ್, ಟ್ಯಾಬ್ಲೆಟ್ ಅವನು ಎತ್ತಿ ಹಿಡಿಯಲಾರ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟರೆ ಭಾರ, ಬಿಸಿ; ಒರಗಿ ಮಲಗಿದವನ ಕಣ್ಣಿಗೆ ಪರದೆ ಸರಿಯಾಗಿ ಸಿಗದು. ಪರದೆ ಕಣ್ಣಿನ ಎದುರು ತೂಗಬೇಕು, ಗುಂಡಿ ಬೆರಳಿನ ಕೆಳಗಿರಬೇಕು, ಯಂತ್ರ ಇನ್ನೆಲ್ಲೋ ಇರಬೇಕು. ಹಾಗಾಗಿ ಅಂಗೈಯಗಲದ ಮಿನಿ ಪಿಸಿ. ಪುಟ್ಟ ಕಂಪ್ಯೂಟರಿನ ಕನಸು ನಮ್ಮ ನಾಡಿಗೆ ಹೊಸದೇನಲ್ಲ ಬಿಡಿ. ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳು ಸೇರಿ ರೂಪಿಸಿದ ಸಿಂಪ್ಯೂಟರನ್ನು 2004ರಲ್ಲಿ ಬಿಇಎಲ್ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತ್ತು. ಜನ ಕೊಳ್ಳಲಿಲ್ಲ, ಅದು ಬೇರೆ ಮಾತು.

ನಿಜವಾದ ಪ್ರಶ್ನೆ ಕರೆಂಟಿನದು. ವ್ಯಾನಿನ ಎಂಜಿನ್ ಬ್ಯಾಟರಿಯನ್ನು ಮುಟ್ಟದೆ ಬೇರೊಂದು ಲಿಥಿಯಂ ಬ್ಯಾಟರಿ ಇಟ್ಟಿದ್ದೇವೆ: 12.8 ವೋಲ್ಟ್, 100 ಆಂಪಿಯರ್ ಅವರ್. ಗುಣಿಸಿದರೆ 1280 ವ್ಯಾಟ್ ಅವರ್. ಐದರಲ್ಲೊಂದು ಪಾಲು ಉಳಿಸಿಕೊಂಡರೆ ಬಳಕೆಗೆ ಸಾವಿರ. ತೇವಾಂಶದ ತೊಟ್ಟಿ ತೆಗೆದರೆ ಅವನ ಬೈಪ್ಯಾಪಿಗೆ ಗಂಟೆಗೆ 40ರಂತೆ ಎಂಟು ಗಂಟೆಗೆ 320 ಬೇಕು. ಮರುದಿನ ಎಂಜಿನ್ ಓಡದೆ, ಪ್ಲಗ್ಗೂ ಸಿಗದೆ ಹೋದರೆ ಎರಡನೇ ರಾತ್ರಿಗೂ ಅಷ್ಟೇ ಇರಬೇಕು. ಅಲ್ಲಿಗೆ 640 ಹೋಯಿತು. ಆಟಕ್ಕೆ ಉಳಿದದ್ದು 360.

ಹುಡುಗನ ಮನಸ್ಸು ಬಣ್ಣದ ದೀಪಗಳ ಗೇಮಿಂಗ್ ಯಂತ್ರದ ಮೇಲಿತ್ತು. ಅದು ಆಡುವಾಗ ಗಂಟೆಗೆ 150 ನುಂಗುತ್ತದೆ. ನಾಲ್ಕು ಗಂಟೆಗೆ 600. ಎರಡನೇ ರಾತ್ರಿಯ ಉಸಿರಿಗೆ ಕೈ ಹಾಕಿದಂತೆ. ಅವನ ಮುಂದೆಯೇ ಕಾಗದದಲ್ಲಿ ಬರೆದು ತೋರಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಚಿಕ್ಕದೇ ಇರಲಿ" ಎಂದ. ತಂಗಿ ಎದ್ದು ಅಡುಗೆಮನೆಗೆ ಹೋದಳು.

2023ರಲ್ಲಿ ಇಂಟೆಲ್ ತಂದ ಎನ್100 ಎಂಬ ಪ್ರೊಸೆಸರ್ ಇರುವ ಪೆಟ್ಟಿಗೆ ಆರಿಸಿದೆವು. ಪ್ರೊಸೆಸರಿನ ಲೆಕ್ಕ 6 ವ್ಯಾಟ್. ಇಡೀ ಪೆಟ್ಟಿಗೆ ದುಡಿಯುವಾಗ ಇಪ್ಪತ್ತರ ಆಸುಪಾಸು. ಪರದೆಗೆ ಇನ್ನೊಂದು 15. ನಾಲ್ಕು ಗಂಟೆ ಆಡಿದರೂ 140 ದಾಟದು. ಹೊಸ ಭಾರೀ ಗೇಮುಗಳು ಇದರಲ್ಲಿ ಓಡವು. ಹಳೆಯವು, ಚಿಕ್ಕವು, ಚದುರಂಗ, ಕಾರು ರೇಸು ಓಡುತ್ತವೆ. ಸಿನಿಮಾಕ್ಕೆ ಧಾರಾಳ ಸಾಕು.

ಇನ್ವರ್ಟರ್ ಹಾಕಿ 230 ವೋಲ್ಟ್ ಮಾಡಿ, ಮತ್ತೆ ಅಡಾಪ್ಟರಿನಲ್ಲಿ ಇಳಿಸುವುದು ವ್ಯರ್ಥ. ಎರಡೂ ಕಡೆ ಸೋರುತ್ತದೆ. ಬಸ್ ಸ್ಟ್ಯಾಂಡ್ ಬಳಿಯ ಆಟೊ ಎಲೆಕ್ಟ್ರಿಷಿಯನ್ ಹೇಳಿದ್ದು: "ಸಾಬ್ರೇ, ಎಂಜಿನ್ ಚಾರ್ಜ್ ಮಾಡೋವಾಗ ಹನ್ನೆರಡು ಹದಿನಾಲ್ಕೂವರೆ ಆಯ್ತದೆ. ನೇರ ಕೊಟ್ರೆ ಸುಟ್ಟೋದೀತು." ಮಧ್ಯೆ ವೋಲ್ಟ್ ಕಾಯುವ ಕನ್ವರ್ಟರ್ ಕೂರಿಸಿದ. ತಿರುಗುವ ಹಾರ್ಡ್ ಡಿಸ್ಕ್ ಬೇಡ, ಹಳ್ಳಕ್ಕೆ ಕುಕ್ಕಿದರೆ ಕೆಡಬಹುದು, ಎಸ್‌ಎಸ್‌ಡಿ ಹಾಕಿಸಿದೆವು. ಪೆಟ್ಟಿಗೆಯನ್ನು ರಬ್ಬರ್ ಬಿಲ್ಲೆಗಳ ಮೇಲೆ, ಬಿಸಿಲು ಬೀಳದ ಕಡೆ, ಫ್ಯಾನಿಗೆ ಗಾಳಿ ಸಿಗುವಂತೆ ಬಿಗಿದೆವು.

ಕೌದಳ್ಳಿ ದಾಟಿ ತಾಳಬೆಟ್ಟದ ಕಡೆ ಹೊರಟರೆ ಕಾಡಿನಲ್ಲಿ ಸಿಗ್ನಲ್ಲನ್ನು ನಂಬುವಂತಿಲ್ಲ. ಇಂಟರ್ನೆಟ್ಟಿನಿಂದ ಹರಿದು ಬರುವ ಗೇಮು, ಸಿನಿಮಾ ಅಲ್ಲಿ ಲೆಕ್ಕಕ್ಕಿಲ್ಲ. ಎಲ್ಲವನ್ನೂ ಮನೆಯಲ್ಲೇ ಇಳಿಸಿ, ಇಂಟರ್ನೆಟ್ ಇಲ್ಲದೆಯೂ ತೆರೆಯುತ್ತದೆಯೇ ಎಂದು ಪರೀಕ್ಷಿಸಿ ಹೊರಡಬೇಕು.

ಅಮ್ಮಿಗೆ ಗೇಮು ಹಿಡಿಸದು. "ಓದುವ ಹುಡುಗನಿಗೆ ಈ ಶೋಕಿ ಯಾಕೆ? ನಮಾಜಿಗೂ ಮರೆತಾನು" ಎಂದರು. ಅವರ ಆತಂಕ ಸುಳ್ಳಲ್ಲ, ಗೇಮಿಗೆ ಬಿದ್ದು ಶಾಲೆ ಬಿಟ್ಟ ಮಕ್ಕಳನ್ನು ನಾವೂ ಕಂಡಿದ್ದೇವೆ. ಆದರೆ ಮದೀನದ ಮಸೀದಿಯಲ್ಲಿ ಹಬ್ಬದ ದಿನ ಅಬಿಸೀನಿಯದವರು ಈಟಿ ಹಿಡಿದು ಆಡುವಾಗ ಪ್ರವಾದಿಯವರು ಆಯಿಶಾರಿಗೆ ಮರೆಯಾಗಿ ನಿಂತು, ಅವರಿಗೆ ಸಾಕೆನಿಸುವವರೆಗೂ ಆಟ ತೋರಿಸಿದರೆಂಬ ಹದೀಸನ್ನು ನಮಗೆ ಬಾಲ್ಯದಲ್ಲಿ ಹೇಳಿಕೊಟ್ಟವರು ಅಮ್ಮಿಯೇ. ನೆನಪಿಸಿದಾಗ, "ಅಜಾನಿಗೆ ಆರಿಸಬೇಕು" ಎಂದಷ್ಟೇ ಹೇಳಿ ತಸ್ಬೀಹ್ ಕೈಗೆತ್ತಿಕೊಂಡರು.

ಕೊನೆಗೆ ಉಳಿದದ್ದು ಗುಂಡಿಗಳು. ಕೈಕಾಲು ದುರ್ಬಲವಾದವರಿಗೆಂದೇ ಮೈಕ್ರೊಸಾಫ್ಟ್ 2018ರಲ್ಲಿ ಒಂದು ನಿಯಂತ್ರಕ ತಂದಿತು. ಅದರ ಹಿಂದಿನ ಸಾಲು ತೂತುಗಳಿಗೆ ಬೇಕಾದ ಸ್ವಿಚ್ಚು ಚುಚ್ಚಿಕೊಳ್ಳಬಹುದು. ಬೆಲೆ ನಮ್ಮ ಕೈಗೆ ನಿಲುಕಲಿಲ್ಲ. ಸಾಮಾನ್ಯ ಕೀಬೋರ್ಡಿನ ಯಾವ ಕೀಲಿಗೆ ಯಾವ ಕೆಲಸ ಎಂದು ಕಂಪ್ಯೂಟರಿನಲ್ಲಿ ನಾವೇ ಗೊತ್ತುಮಾಡಬಹುದಲ್ಲ. ಅವನ ಬೆರಳು ತಲುಪುವ ಎಂಟು ಕೀಲಿಗಳಿಗೆ ಎಲ್ಲವನ್ನೂ ತಂದೆವು. ಮುಂದೆ ಬೆರಳು ಸೋತಂತೆ ಎಂಟು ಆರಾಗಬಹುದು, ನಾಲ್ಕಾಗಬಹುದು. ಪೆಟ್ಟಿಗೆ ಅದೇ ಇರುತ್ತದೆ, ಕೀಲಿ ಬದಲಿಸಿದರಾಯಿತು.

ಮೊದಲ ಬಾರಿ ಯಳಂದೂರಿನಿಂದ ಬೆಟ್ಟ ಹತ್ತುವಾಗ ಅವನು ಆಡಿದ್ದು ಅರ್ಧ ಗಂಟೆ. ವ್ಯಾನಿನ ಮುಂದೆ ಒಂದು ಕ್ಯಾಮೆರಾ ಕಟ್ಟಿ, ರಸ್ತೆಯನ್ನು ಪರದೆಯ ಮೇಲೆ ತೋರಿಸುವ ಏರ್ಪಾಡನ್ನು ತಾನೇ ಯೋಚಿಸಿ ನಮ್ಮ ಕೈಯಲ್ಲಿ ಮಾಡಿಸಿದ್ದ. ಉಳಿದ ದಾರಿಯೆಲ್ಲ ಅದನ್ನೇ ನೋಡುತ್ತಾ, ತಿರುವು ಬರುವ ಮೊದಲೇ ಡ್ರೈವರಿಗೆ "ಅಣ್ಣ, ಹಾರ್ನ್ ಹೊಡೀರಿ" ಎನ್ನುತ್ತಿದ್ದ.