ಭೀಮವ್ವನ ಆಪರೇಷನ್

ನಮ್ಮ ರೂಮಿಗೆ ಬಂದಾಗ ಅವಳ ಹೆಸರು ಭೀಮ. ಅಂಗಡಿಯವನು ಕಿವಿ ಹಿಡಿದು ಎತ್ತಿ ತೋರಿಸಿ "ಗಂಡೇ, ಗ್ಯಾರಂಟಿ" ಅಂದಿದ್ದ. (ಮೊಲವನ್ನ ಕಿವಿ ಹಿಡಿದು ಎತ್ತಬಾರದು ಅಂತ ಆಗ ನಮಗೂ ಗೊತ್ತಿರಲಿಲ್ಲ.) ಅಂಗೈ ಅಗಲದ ಮರಿಗೆ ಭೀಮ ಅಂತ ಹೆಸರಿಟ್ಟದ್ದು ನಮ್ಮ ಮೂರನೇ ಸೆಮಿಸ್ಟರಿನ ಹಾಸ್ಯಪ್ರಜ್ಞೆ. ನಾವು ನಾಲ್ವರು: ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಇಸಿ. ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಓನರ್ ಆಂಟಿ ನಾಯಿ ಬೇಡ, ಬೆಕ್ಕು ಬೇಡ ಅಂದಿದ್ದರು. ಮೊಲದ ಬಗ್ಗೆ ಏನೂ ಹೇಳಿರಲಿಲ್ಲ.

ಏಳನೇ ತಿಂಗಳಿಗೆ ಭೀಮ ವಿಚಿತ್ರವಾಗಿ ಆಡೋಕೆ ಶುರು ಮಾಡಿದ. ಊಟದ ತಟ್ಟೆಗೆ ಕೈ ಹಾಕಿದರೆ ಗುರ್ ಅಂತ ಮುಂಗಾಲಲ್ಲಿ ಹೊಡೆಯೋದು, ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಮಂಚದ ಕೆಳಗೆ ಓಡೋದು. ಒಂದು ಬೆಳಿಗ್ಗೆ ಬಗ್ಗಿ ನೋಡಿದರೆ ಅಲ್ಲೊಂದು ಗೂಡು. ಹುಲ್ಲು, ಹರಿದ ಲ್ಯಾಬ್ ರೆಕಾರ್ಡಿನ ಹಾಳೆಗಳು, ಅದರ ಮೇಲೆ ತನ್ನದೇ ಎದೆಯಿಂದ ಕಿತ್ತು ಹಾಸಿದ ಬಿಳಿ ಕೂದಲು. ರೋಗ ಬಂತು ಅಂತ ಹೆದರಿ ಡಾಕ್ಟರ ಹತ್ತಿರ ಓಡಿದೆವು. ಅವರು ಮಗುಚಿ ಹಿಡಿದು ಒಂದು ಸಲ ನೋಡಿ ನಕ್ಕರು. "ಇದು ಹೆಣ್ಣು ಕಣ್ರೋ. ಬಸಿರೂ ಅಲ್ಲ, ಸುಳ್ಳು ಬಸಿರು." ಗಂಡಿನ ನೆರಳೇ ಕಾಣದ ಮೊಲದ ಮೈಯೂ ಒಮ್ಮೊಮ್ಮೆ ಬಸಿರಾಗಿದೆ ಅಂತ ನಂಬಿಬಿಡುತ್ತದಂತೆ. ಎರಡು ವಾರ ದಾಟಿದ ಮೇಲೆ ಹೀಗೆ ಗೂಡು ಕಟ್ಟಿ, ಬಾರದ ಮರಿಗಳಿಗೆ ಕಾದು, ಆಮೇಲೆ ಸುಮ್ಮನಾಗುತ್ತದಂತೆ.

ಆ ದಿನದಿಂದ ಭೀಮ ಭೀಮವ್ವ ಆದಳು. ಹೊಸ ಹೆಸರಿಟ್ಟವನು ನಮ್ಮ ಗದಗಿನ ಗೆಳೆಯ.

"ಗರ್ಭಕೋಶ ತೆಗೆಸಿಬಿಡಿ" ಅಂದರು ಡಾಕ್ಟರು. ಅಲ್ಲಿಂದ ಶುರುವಾದ ಜಗಳ ಮೂರು ವಾರ ನಡೀತು. ಸಿವಿಲ್‌ನವನ ವಾದ ಸರಳ: "ಇರೋದು ಒಂದೇ ಮೊಲ. ಗಂಡಿಲ್ಲ, ಮರಿ ಆಗಲ್ಲ. ಚೆನ್ನಾಗಿರೋ ಪ್ರಾಣೀನ ಯಾಕೆ ಕೊಯ್ಸಬೇಕು?" ಇಸಿಯವನು ಎಲ್ಲೆಲ್ಲಿಂದಲೋ ಪೇಪರ್‌ಗಳನ್ನ ಇಳಿಸಿ ಓದಿ ಬಂದಿದ್ದ. ಗರ್ಭಕೋಶ ಉಳಿಸಿಕೊಂಡ ಹೆಣ್ಣು ಮೊಲಗಳಿಗೆ ವಯಸ್ಸಾಗುತ್ತಾ ಹೋದಂತೆ ಅಲ್ಲೇ ಕ್ಯಾನ್ಸರ್ ಆಗೋದು ತುಂಬಾ ಸಾಮಾನ್ಯ. ಕೆಲವು ತಳಿಗಳಲ್ಲಿ ನಾಲ್ಕು ವರ್ಷ ದಾಟಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಂಡಿದ್ದಾರೆ. ಚೆನ್ನಾಗಿ ಸಾಕಿದ ಮೊಲ ಎಂಟು-ಹತ್ತು ವರ್ಷ ಬದುಕುತ್ತೆ. ಅಂದರೆ ಏನೂ ಮಾಡದೆ ಬಿಟ್ಟರೆ ಅವಳ ಅರ್ಧ ಆಯಸ್ಸಿಗೆ ಕತ್ತಿ ತೂಗ್ತಾ ಇರುತ್ತೆ.

ಆದರೆ ಅವನ ಫೈಲಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಬ್ರಿಟನ್ನಿನ ಪಶುವೈದ್ಯರು 2008ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನ. ಅರಿವಳಿಕೆ ಕೊಟ್ಟ ಆರೋಗ್ಯವಂತ ಮೊಲಗಳಲ್ಲೂ ಶೇ. 0.73 ಸತ್ತಿದ್ದವು. ಕಾಯಿಲೆಯವನ್ನೂ ಸೇರಿಸಿದರೆ ಶೇ. 1.39. ನಾಯಿಗಳಲ್ಲಿ ಅದು ಬರೀ ಶೇ. 0.17. ಸತ್ತ ಮೊಲಗಳಲ್ಲಿ ಹೆಚ್ಚಿನವು ಸತ್ತದ್ದು ಟೇಬಲ್ ಮೇಲಲ್ಲ, ಆಪರೇಷನ್ ಮುಗಿದ ಮೇಲೆ. "ನೂರಕ್ಕೆ ಒಂದೂ ಇಲ್ವಲ್ಲೋ" ಅಂತ ಒಬ್ಬ. "ಆ ಒಂದು ಇವಳೇ ಆದ್ರೆ?" ಅಂತ ಇನ್ನೊಬ್ಬ. ಪ್ರಾಬಬಿಲಿಟಿ ಪೇಪರಿನಲ್ಲಿ ನಾಲ್ವರೂ ಪಾಸಾಗಿದ್ದೆವು. ಮಂಚದ ಕೆಳಗಿನ ಮೊಲದ ಮುಂದೆ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ ಹುಟ್ಟಿದ್ದು ಇಂಥದ್ದೇ ಯಾವುದೋ ರೂಮಿನಲ್ಲಿರಬೇಕು.

ಕೊನೆಗೆ ಮೂರು-ಒಂದು ವೋಟಿನಲ್ಲಿ ಆಪರೇಷನ್ ಪಾಸಾಯಿತು. ಸೋತವನೂ ತನ್ನ ಪಾಲಿನ ದುಡ್ಡು ಕೊಟ್ಟ.

ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ದಿನ ಗೊತ್ತುಮಾಡಿದೆವು. ಅಲ್ಲಿನ ಅಸಿಸ್ಟೆಂಟ್ ಹೇಳಿದ: "ರಾತ್ರಿ ಎಂಟರ ಮೇಲೆ ಏನೂ ಕೊಡಬೇಡಿ, ಖಾಲಿ ಹೊಟ್ಟೇಲಿ ಕರ್ಕೊಂಡ್ ಬನ್ನಿ." ನಾವು ವಿಧೇಯರಾಗಿ ಎಂಟಕ್ಕೆ ಹುಲ್ಲು ಎತ್ತಿಟ್ಟೆವು. ಭೀಮವ್ವ ಖಾಲಿ ಬುಟ್ಟಿಯ ಸುತ್ತ ಸುತ್ತಿ ಸುತ್ತಿ ನಮ್ಮ ಕಾಲ ಹತ್ತಿರ ಬಂದು ಕೂತಳು. ರಾತ್ರಿ ಒಂದೂವರೆಗೆ ಇಸಿಯವನು ಎಲ್ಲರನ್ನೂ ಒದ್ದು ಎಬ್ಬಿಸಿದ. "ಲೋ, ಮೊಲಕ್ಕೆ ವಾಂತಿ ಮಾಡೋಕೇ ಬರಲ್ವಂತೆ!"

ಅರ್ಥ ಆಗೋಕೆ ಒಂದು ನಿಮಿಷ ಬೇಕಾಯಿತು. ನಾಯಿ, ಬೆಕ್ಕು, ಮನುಷ್ಯರನ್ನ ಆಪರೇಷನ್‌ಗೆ ಮುಂಚೆ ಉಪವಾಸ ಇಡೋದು, ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಾರದು ಅಂತ. ಮೊಲ ವಾಂತಿ ಮಾಡೋದಿಲ್ಲ. ಬದಲಿಗೆ ಅದರ ಕರುಳು ಸದಾ ಓಡುತ್ತಿರಬೇಕು. ಗಂಟೆಗಟ್ಟಲೆ ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಧಾನವಾಗಿ ನಿಂತೇಹೋಗುತ್ತೆ, ಗ್ಯಾಸ್ ತುಂಬುತ್ತೆ, ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತೆ. ಓಡಿಹೋಗಿ ಹುಲ್ಲು ಹಾಕಿದೆವು. ಆ ರಾತ್ರಿಯಲ್ಲಿ ಅವಳು ಕರಕರ ಅಂತ ಜಗಿಯೋ ಸದ್ದು ಕೇಳ್ತಾ ನಾಲ್ವರೂ ಗೋಡೆಗೊರಗಿ ಕೂತಿದ್ದೆವು. ನಮ್ಮ ಹಳ್ಳಿಯ ಯಾವ ಕುರಿ ಕಾಯೋ ಹುಡುಗನೂ ಇಷ್ಟು ಪೆದ್ದುತನ ಮಾಡುತ್ತಿರಲಿಲ್ಲ.

ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್. ಮೊಲಗಳನ್ನ ನೋಡೋ ಡಾಕ್ಟರನ್ನ ಹುಡುಕೋಕೆ ಹತ್ತು ದಿನ ಹಿಡಿಯಿತು. ಸಿಕ್ಕವರಿಗೆ ಫೋನಿನಲ್ಲೇ ಕೇಳಿಬಿಟ್ಟೆವು: "ಮೇಡಂ, ಎಷ್ಟು ಮೊಲಕ್ಕೆ ಮಾಡಿದ್ದೀರಾ? ಎಷ್ಟು ಉಳಿದವು?" ಬೈತಾರೆ ಅಂದುಕೊಂಡಿದ್ದೆವು. ಅವರು ಸಮಾಧಾನವಾಗಿ ಉತ್ತರ ಕೊಟ್ಟು, "ಬರೋವಾಗ ಅವಳು ದಿನಾ ತಿನ್ನೋ ಹುಲ್ಲು, ಸೊಪ್ಪು ತನ್ನಿ. ಎಚ್ಚರ ಆದ ತಕ್ಷಣ ತಿನ್ನಿಸಬೇಕು" ಅಂದರು. ಅಷ್ಟು ಸಾಕಾಯಿತು.

ಹಿಂದಿನ ರಾತ್ರಿ ಗದಗಿನವನ ಅವ್ವ ಫೋನ್ ಮಾಡಿದರು. ಸ್ಪೀಕರಿನಲ್ಲಿತ್ತು. ವಿಷಯ ಕೇಳಿ ಮೊದಲು ನಕ್ಕರು. ಆಮೇಲೆ, "ಅದನ್ನ ಕೇಳೀರೇನಪಾ ನೀವು?" ಅಂದರು.

"ಮೊಲಾನ ಏನ್ ಕೇಳ್ತಿ ಬೇ?" ಅಂದ ಇವನು.

"ಹೌದ್ ಬಿಡು. ನನಗೂ ಯಾರೂ ಕೇಳಿದ್ದಿಲ್ಲ. ನಿನ್ನ ತಂಗಿ ಹುಟ್ಟಿದ ಮ್ಯಾಲೆ ಕ್ಯಾಂಪಿಗೆ ಕರ್ಕೊಂಡು ಹೋಗಿದ್ರು. ನಾಕನೇ ದಿನಕ್ಕ ಹೊಲಕ್ಕ ಹೋಗಿದ್ದೆ."

ಯಾರೂ ಮಾತಾಡಲಿಲ್ಲ. ಅವರೇ ಮತ್ತೆ, "ಚೆಂದಂಗ ನೋಡ್ಕೋರಿ ಅದನ್ನ. ಡಾಕ್ಟರು ಹೇಳಿದಷ್ಟು ದಿನಾ ನೋಡ್ಕೋರಿ" ಅಂತ ಹೇಳಿ ಫೋನ್ ಇಟ್ಟರು. ಗೆಳೆಯ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದು ಬಂದ. ನಮ್ಮ ನಮ್ಮ ಮನೆಯ ಹೆಂಗಸರಿಗೆ ಯಾವಾಗ ಏನು ಆಪರೇಷನ್ ಆಗಿದೆ ಅಂತ ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಮೊಲದ್ದು ಮಾತ್ರ ದಶಮಾಂಶ ಬಿಂದುವಿನವರೆಗೆ ಗೊತ್ತಿತ್ತು.

ಆಪರೇಷನ್ ಮುಕ್ಕಾಲು ಗಂಟೆ. ಒಪ್ಪಿಗೆ ಪತ್ರದಲ್ಲಿ "ಪ್ರಾಣಿಗೆ ಸಾವು ಸಂಭವಿಸಿದಲ್ಲಿ" ಅನ್ನೋ ಸಾಲಿನ ಕೆಳಗೆ ಒಬ್ಬರ ಸಹಿ ಸಾಕಿತ್ತು, ನಾಲ್ವರೂ ಹಾಕಿದೆವು. ಸಿವಿಲ್‌ನವನು ಕೊನೆಗೆ ಹಾಕಿದ. ಹೊರಗೆ ತಂದಾಗ ಭೀಮವ್ವ ಟವೆಲಿನೊಳಗೆ ಬೆಚ್ಚಗಿದ್ದಳು, ಹೊಟ್ಟೆ ಬೋಳು, ಕಣ್ಣು ಅರೆಬರೆ. "ಆಪರೇಷನ್ ನನ್ನ ಕೆಲಸ, ಮುಗೀತು. ಇನ್ನು ತಿನ್ನಿಸೋದು ನಿಮ್ಮ ಕೆಲಸ. ತಿನ್ನಬೇಕು, ಹಿಕ್ಕೆ ಹಾಕಬೇಕು. ಇವೆರಡೇ ಪರೀಕ್ಷೆ" ಅಂದರು ಡಾಕ್ಟರು.

ಸಂಜೆ ತಿನ್ನಲಿಲ್ಲ. ಕೊತ್ತಂಬರಿ ಹಿಡಿದರೆ ಮುಖ ತಿರುಗಿಸಿದಳು. ಮೂಲೆಯಲ್ಲಿ ಬೆನ್ನು ಗೂನಾಗಿಸಿ ಕೂತು ಹಲ್ಲು ಕಡೀತಿದ್ದಳು. ಮೊಲ ನೋವಾದರೆ ಕೂಗೋ ಪ್ರಾಣಿ ಅಲ್ಲ. ಹದ್ದು ನರಿಗಳ ಮುಂದೆ ಬಲಹೀನತೆ ತೋರಿಸಿದರೆ ಉಳಿಗಾಲವಿಲ್ಲ, ಹಾಗಾಗಿ ಮುಚ್ಚಿಡುತ್ತೆ. ಆ ಹಲ್ಲಿನ ಸದ್ದೇ ಅದರ ನರಳಾಟ. ಡಾಕ್ಟರು ಕೊಟ್ಟಿದ್ದ ನೋವಿನ ಔಷಧಿ ಹಾಕಿದೆವು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕಿಟ್ಟೆವು. ಅವರೇ ಕೊಟ್ಟಿದ್ದ ಪುಡಿಯನ್ನ ನೀರಲ್ಲಿ ಕಲಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಚೂರು ಚೂರೇ. ಮೂರು ಗಂಟೆಗೊಬ್ಬ ಎದ್ದು ಡ್ಯೂಟಿ. ಮರುದಿನ ಇಂಟರ್ನಲ್ಸ್ ಇತ್ತು, ಪುಸ್ತಕ ಯಾರೂ ತೆಗೆಯಲಿಲ್ಲ. ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ "ಹಿಕ್ಕೆ" ಅನ್ನೋ ಕಾಲಮ್ಮಿನ ಕೆಳಗೆ ಸೊನ್ನೆ, ಸೊನ್ನೆ, ಸೊನ್ನೆ.

ಬೆಳಗಿನ ಐದೂಕಾಲಿಗೆ ಡ್ಯೂಟಿಯಲ್ಲಿದ್ದವನು ಸಿವಿಲ್‌ನವನು. ಆಪರೇಷನ್ ಬೇಡ ಅಂದಿದ್ದವನು. ಅವನ ಕೂಗಿಗೆ ಎದ್ದು ಓಡಿದರೆ, ಟವೆಲಿನ ಮೇಲೆ ಹನ್ನೊಂದು ಹಿಕ್ಕೆ. ಸಣ್ಣವು, ವಕ್ರವಾದವು, ಆದರೂ ಹಿಕ್ಕೆ. ಎರಡು ಸಲ ಎಣಿಸಿದ. ಭೀಮವ್ವ ನಮ್ಮ ಗಲಾಟೆಗೆ ಬೇಸರಪಟ್ಟು ತಿರುಗಿ ಕೂತು, ಕೊತ್ತಂಬರಿಯ ಒಂದು ದಂಟನ್ನ ತುದಿಯಿಂದ ಒಳಕ್ಕೆ ಎಳೆದುಕೊಳ್ಳತೊಡಗಿದಳು. ಕೆಳಗಿನಿಂದ ಓನರ್ ಆಂಟಿ ಬಂದು "ಯಾರಿಗೆ ಪ್ಲೇಸ್‌ಮೆಂಟ್ ಆಯ್ತು?" ಅಂತ ಕೇಳಿದರು.

ಹತ್ತನೇ ದಿನ ಗಾಯ ಪೂರ್ತಿ ಕೂಡಿತ್ತು. ಗುರ್ ಅನ್ನೋದು ತಿಂಗಳೊಳಗೆ ನಿಂತಿತು, ಗೂಡು ಮತ್ತೆ ಕಟ್ಟಲಿಲ್ಲ. ನಾವು ಮಾಡಿದ್ದು ಸರಿಯಾ ಅಂತ ಅವಳನ್ನ ಕೇಳೋಕಾಗಲ್ಲ. ಕೇಳೋಕಾಗದವರ ಪರವಾಗಿ ತೀರ್ಮಾನ ಮಾಡಿದ ಮೇಲೆ ರಾತ್ರಿಯೆಲ್ಲ ಎದ್ದಿರೋದಾದರೂ ನಮ್ಮ ಪಾಲಿಗೆ ಬರಬೇಕು, ಅಷ್ಟು ಮಾತ್ರ ಗೊತ್ತಾಯಿತು.

ಜೂನಿಯರ್‌ಗಳಿಗೆ ಒಂದು ಮಾತು: ಮೊಲ ತರೋ ಮುಂಚೆ ಮೊಲದ ಡಾಕ್ಟರನ್ನ ಹುಡುಕಿ. ಕೋರ್ಸು ನಾಲ್ಕು ವರ್ಷ, ಮೊಲ ಹತ್ತು ವರ್ಷ. ಈ ಜೂನಿಗೆ ನಾವು ನಾಲ್ವರೂ ನಾಲ್ಕು ದಿಕ್ಕು. ಭೀಮವ್ವ ಗದಗಿಗೆ ಹೋಗ್ತಾಳೆ. ಕೇಳಿಕೊಂಡದ್ದು ನಾವಲ್ಲ, ಅವ್ವನೇ. ಆಪರೇಷನ್ ಆದ ಹತ್ತು ದಿನವೂ ಅವರು ಫೋನ್ ಮಾಡಿ ಮಗನ ಊಟದ ಬಗ್ಗೆ ಕೇಳೋಕೆ ಮುಂಚೆ ಕೇಳ್ತಿದ್ದದ್ದು ಒಂದೇ: "ತಿಂತೇನಪಾ ಅದು?"